ನಿಂತ ಗಡಿಯಾರ ಮತ್ತೆ ನಡೆಯಿತು

ಮಕ್ಕಳೇ, ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲೋ ಅಜ್ಜಿಯ ಗಂಟಿನಲ್ಲೋ ನಿಂತುಹೋದ ಕೈಗಡಿಯಾರವೊಂದು ಇದೆಯೇ? ಒಮ್ಮೆ ಕೇಳಿ ನೋಡಿರಿ. ಬಹಳ ಮನೆಗಳಲ್ಲಿ ಇರುತ್ತದೆ. ಅದರ ಗಾಜು ಮಸುಕಾಗಿರುತ್ತದೆ. ಪಟ್ಟಾ ಹರಿದಿರುತ್ತದೆ. ಮುಳ್ಳುಗಳು ಯಾವುದೋ ಒಂದು ದಿನ, ಯಾವುದೋ ಒಂದು ಹೊತ್ತಿನಲ್ಲಿ ನಿಂತುಬಿಟ್ಟಿರುತ್ತವೆ. ಕೆಟ್ಟಿದೆ ಎಂದು ಯಾರೂ ಅದನ್ನು ಎಸೆದಿರುವುದಿಲ್ಲ. ರಿಪೇರಿಯನ್ನೂ ಮಾಡಿಸಿರುವುದಿಲ್ಲ.

ನಮ್ಮ ಮನೆಯಲ್ಲಿಯೂ ಅಂಥದೊಂದು ಇತ್ತು. ಅದು ನನ್ನ ಅಪ್ಪನದು. ಅಪ್ಪ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಆಗ ಇಡೀ ಪೇಟೆಗೆ ಹೊತ್ತು ತಿಳಿಸುತ್ತಿದ್ದುದು ಗಿರಣಿಯ ಭೋಂಗಾ. ಭೋಂಗಾ ಕೂಗಿದರೆ ಒಲೆ ಹೊತ್ತಿಸುವವರು ಹೊತ್ತಿಸುತ್ತಿದ್ದರು, ಬುತ್ತಿ ಕಟ್ಟುವವರು ಕಟ್ಟುತ್ತಿದ್ದರು. 1974ರಲ್ಲಿ ಗಿರಣಿಯ ಬೋನಸ್ ಹಣ ಕೈಗೆ ಬಂದಾಗ ಅಪ್ಪ ಒಂದು ಎಚ್.ಎಂ.ಟಿ. ಜನತಾ ವಾಚು ಕೊಂಡರು. ಅಂದಿನಿಂದ ಭೋಂಗಾ ಕೂಗುವ ಮೊದಲೇ ಅವರು ಮಣಿಕಟ್ಟು ನೋಡಿಕೊಂಡು, "ಈಗ ಕೂಗ್ತದ ನೋಡು" ಎನ್ನುತ್ತಿದ್ದರು. ಅದು ಕೂಗುತ್ತಿತ್ತು. ಚಿಕ್ಕವನಾದ ನನಗೆ ಅಪ್ಪನೇ ಭೋಂಗಾವನ್ನು ಕೂಗಿಸುತ್ತಾರೆ ಎನಿಸುತ್ತಿತ್ತು.

ಎಚ್.ಎಂ.ಟಿ. ಎಂದರೆ ಹಿಂದೂಸ್ಥಾನ್ ಮಷಿನ್ ಟೂಲ್ಸ್. ಈ ಸಂಸ್ಥೆ 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮೊದಲು ಅದು ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ತಯಾರಿಸುತ್ತಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿಯೇ ಕೈಗಡಿಯಾರ ತಯಾರಿಸತೊಡಗಿತು. ಅದಕ್ಕಿಂತ ಮೊದಲು ನಮ್ಮ ದೇಶದಲ್ಲಿ ಹೆಚ್ಚಿನ ಕೈಗಡಿಯಾರಗಳು ಹೊರದೇಶಗಳಿಂದ ಬರುತ್ತಿದ್ದವು. ಮುಂದೆ ತುಮಕೂರಿನಲ್ಲಿಯೂ ಗಡಿಯಾರದ ಕಾರ್ಖಾನೆ ಆಯಿತು. ಜನತಾ, ಪೈಲಟ್, ಸೋನಾ, ಕಾಂಚನ ಎಂದು ಈ ವಾಚುಗಳಿಗೆ ಹೆಸರುಗಳಿದ್ದವು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ಪಾಸಾದ ಮಗನಿಗೆ ಅಥವಾ ಮಗಳಿಗೆ, ನಿವೃತ್ತರಾದ ಗುರುಗಳಿಗೆ ಇವೇ ಕಾಣಿಕೆ. ಕಣ್ಣು ಕಾಣದವರಿಗಾಗಿ ಬ್ರೈಲ್ ವಾಚನ್ನೂ ಈ ಸಂಸ್ಥೆ ತಯಾರಿಸಿತ್ತು. ಅದರ ಗಾಜನ್ನು ಮುಚ್ಚಳದಂತೆ ತೆರೆದು, ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದಾಗಿತ್ತು.

ಆಮೇಲೆ ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರಗಳು ಬಂದವು. 1984ರಲ್ಲಿ ಸ್ಥಾಪನೆಯಾದ ಟೈಟಾನ್ ಕಂಪನಿಯು ತಮಿಳುನಾಡಿನ ಹೊಸೂರಿನಲ್ಲಿ ಅಂಥ ವಾಚುಗಳನ್ನು ಮಾಡತೊಡಗಿತು. ಅವುಗಳಿಗೆ ದಿನವೂ ಚಾವಿ ಕೊಡಬೇಕಾಗಿರಲಿಲ್ಲ. ಹೊತ್ತನ್ನೂ ಹೆಚ್ಚು ನಿಖರವಾಗಿ ತೋರಿಸುತ್ತಿದ್ದವು. ಜನ ಅತ್ತ ತಿರುಗಿದರು. ಎಚ್.ಎಂ.ಟಿ.ಯ ಗಡಿಯಾರದ ಸಂಸ್ಥೆ ನಷ್ಟಕ್ಕೆ ಬಿದ್ದಿತು. 2016ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ಇದನ್ನು ನಿಮಗೆ ಏಕೆ ಹೇಳುತ್ತಿದ್ದೇನೆ ಎಂದರೆ, ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ವಾಚಿನ ಒಂದೊಂದು ಭಾಗದ ಬೆಲೆಯೂ ಬೇರೆಯಾಯಿತು. ಒಂದು ಮುಳ್ಳು ಮುರಿದರೆ ಕಾರ್ಖಾನೆಗೆ ಬರೆದು ಇನ್ನೊಂದನ್ನು ತರಿಸುವ ಕಾಲ ಹೋಯಿತು. ಇದ್ದುದನ್ನು ಉಳಿಸಿಕೊಳ್ಳಬೇಕು, ಅಷ್ಟೇ.

ಅಪ್ಪ 2009ರಲ್ಲಿ ತೀರಿಕೊಂಡರು. ವಾಚನ್ನು ಅವ್ವ ಒಂದು ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಹಲವು ವರ್ಷ ಅದು ಅಲ್ಲಿಯೇ ಇತ್ತು. ಒಂದು ದಿನ ಹೊರತೆಗೆದು ಚಾವಿ ಕೊಟ್ಟು ನೋಡಿದೆ. ಚಾವಿಯ ಗುಂಡಿ ಸುಮ್ಮನೆ ತಿರುಗಿತು, ಮುಳ್ಳು ಅಲುಗಲಿಲ್ಲ. ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಅದನ್ನು ಒಮ್ಮೆ ತಿರುಗಿಸಿ ನೋಡಿ ಹೇಳಿದ: "ಸರ, ಹೊಸಾ ಡಯಲ್ ಹಾಕ್ತೀನ್ರಿ. ಮುಳ್ಳು, ಚಾವಿ ಗುಂಡಿ ಎಲ್ಲಾ ಬದಲಿ ಮಾಡಿ, ಕೇಸಿಗೆ ಪಾಲಿಶ್ ಹೊಡೀತೀನಿ. ಹೊಸಾ ವಾಚಿನಂಗ ಕಾಣಸ್ತದ."

ನನಗೆ ಸಂತೋಷವೇ ಆಯಿತು. ಆಗಲಿ ಎನ್ನುವುದರಲ್ಲಿದ್ದೆ. ಬದಲಿ ಹಾಕುವ ಡಯಲನ್ನು ಅವನು ತೋರಿಸಿದ. ಅದು ಹೊಳೆಯುವ ನೀಲಿ ಬಣ್ಣದ್ದು. ಅಪ್ಪನ ವಾಚಿನ ಡಯಲು ಬಿಳಿ. ವರ್ಷಗಳು ಕಳೆದು ಅದು ಕೆನೆಯ ಬಣ್ಣಕ್ಕೆ ತಿರುಗಿತ್ತು. ನಾಲ್ಕರ ಅಂಕಿಯ ಬಳಿ ಕಂದು ಬಣ್ಣದ ಒಂದು ಕಲೆಯೂ ಇತ್ತು. ಡಯಲು, ಮುಳ್ಳು, ಗುಂಡಿ ಎಲ್ಲವನ್ನೂ ಬದಲಿಸಿದ ಮೇಲೆ ಇದು ಯಾರ ವಾಚು ಎಂಬ ಪ್ರಶ್ನೆ ಆಗ ನನ್ನ ತಲೆಗೆ ಬಂತು. "ಮನೆಯಲ್ಲಿ ಕೇಳಿ ಬರ್ತೀನಿ" ಎಂದು ಹೇಳಿ ಎದ್ದುಬಂದೆ.

ಹಳೆಯ ವಾಚಿನ ಹೆಸರಿನಲ್ಲಿ ಇಂಥ ಬಣ್ಣಬಣ್ಣದ ವಾಚುಗಳು ಈಗ ಬಹಳ ಮಾರಾಟವಾಗುತ್ತವೆ. ಒಂದು ವಾಚಿನ ಯಂತ್ರ, ಇನ್ನೊಂದರ ಕವಚ, ಮತ್ತೊಂದರ ಮುಳ್ಳು, ಇತ್ತೀಚೆಗೆ ಅಚ್ಚುಹಾಕಿದ ಡಯಲು ಎಲ್ಲ ಕೂಡಿಸಿ ಒಂದು ಮಾಡಿರುತ್ತಾರೆ. ಅದು ನಡೆಯುತ್ತದೆ. ಹೊತ್ತನ್ನೂ ತೋರಿಸುತ್ತದೆ. ಆದರೆ ಅಂಥ ವಾಚು ಕಾರ್ಖಾನೆಯಿಂದ ಹಾಗೆ ಎಂದೂ ಹೊರಬಂದಿರುವುದಿಲ್ಲ.

ಪರಿಚಯದವರೊಬ್ಬರು ಇನ್ನೊಬ್ಬ ರಿಪೇರಿಗಾರರನ್ನು ತೋರಿಸಿಕೊಟ್ಟರು. ಅವರಿಗೆ ಎಪ್ಪತ್ತು ದಾಟಿತ್ತು. ಗೋಡೆಗೆ ಆನಿಸಿದ ಒಂದು ಗಾಜಿನ ಪೆಟ್ಟಿಗೆಯೇ ಅವರ ಅಂಗಡಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರು ವಾಚನ್ನು ಕೈಗೆ ತೆಗೆದುಕೊಂಡು, ಕಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ಐದು ನಿಮಿಷ ಮಾತೇ ಆಡಲಿಲ್ಲ. ನಂತರ ಕೇಳಿದರು: "ಸರ, ಇದು ನಡೀಬೇಕೋ, ಹೊಸದು ಕಾಣಬೇಕೋ?"

"ನಡೆದರೆ ಸಾಕ್ರಿ, ಕಾಕಾ" ಎಂದೆ.

"ಹಂಗಾದರ ಬಿಟ್ಟು ಹೋಗಬ್ಯಾಡ್ರಿ. ಕುಂತು ನೋಡ್ರಿ" ಎಂದರು. ಅಂದು ನಾನು ನೋಡಿದ್ದನ್ನು ನಿಮಗೆ ಹೇಳುತ್ತೇನೆ. ಅದಕ್ಕಿಂತ ಮೊದಲು ವಾಚಿನ ಒಳಗೆ ಏನಿರುತ್ತದೆ ಎಂದು ತಿಳಿಯೋಣ.

ಚಾವಿ ಕೊಟ್ಟು ಬಿಡುವ ಆಟಿಗೆಯ ಮೋಟಾರನ್ನು ನೀವು ನೋಡಿದ್ದೀರಿ. ಚಾವಿ ತಿರುಗಿಸಿದಾಗ ಒಳಗಿನ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಕೈ ಬಿಟ್ಟೊಡನೆ ಅದು ಸರ್ರನೆ ಬಿಚ್ಚಿಕೊಳ್ಳುತ್ತದೆ, ಮೋಟಾರು ಓಡುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಆಟ ಮುಗಿಯುತ್ತದೆ. ಕೈಗಡಿಯಾರದಲ್ಲಿಯೂ ಅಂಥದೇ ಒಂದು ಸ್ಪ್ರಿಂಗು ಇದೆ. ತೆಳುವಾದ ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ ಪುಟ್ಟ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಇದಕ್ಕೆ ಮೇನ್ ಸ್ಪ್ರಿಂಗ್ ಎನ್ನುತ್ತಾರೆ. ಆದರೆ ಇದು ನಾಲ್ಕೈದು ಸೆಕೆಂಡಿನಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಒಮ್ಮೆ ಪೂರ್ತಿ ಚಾವಿ ಕೊಟ್ಟರೆ ಸುಮಾರು ಒಂದೂವರೆ ದಿನ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಏಕೆ?

ಅದನ್ನು ತಡೆತಡೆದು ಬಿಡುವ ಕಾವಲುಗಾರ ಒಳಗಿದ್ದಾನೆ. ಸ್ಪ್ರಿಂಗಿನ ಬಲವು ಒಂದರ ನಂತರ ಒಂದು ಹಲ್ಲಿನ ಚಕ್ರಕ್ಕೆ ಸಾಗುತ್ತದೆ. ನಡುವಿನ ಚಕ್ರ ಒಂದು ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಸೆಕೆಂಡಿನ ಚಕ್ರ ಒಂದು ನಿಮಿಷಕ್ಕೆ ಒಂದು ಸುತ್ತು. ಕೊನೆಯಲ್ಲಿ ಇರುವುದು ಎಸ್ಕೇಪ್ ಚಕ್ರ. ಅದರ ಹಲ್ಲಿಗೆ ಎರಡು ಕೊಕ್ಕೆಗಳ ಪುಟ್ಟ ಕವಲೊಂದು ಅಡ್ಡ ಬರುತ್ತದೆ. ಕವಲು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿದಾಗ ಮಾತ್ರ ಚಕ್ರ ಚೂರು ಮುಂದೆ ಸರಿಯುತ್ತದೆ. ಕೊಕ್ಕೆಗೆ ಹಲ್ಲು ಬಡಿಯುವ ಸದ್ದೇ ನಮಗೆ ಕೇಳುವ ಟಿಕ್ ಟಿಕ್. ಕವಲನ್ನು ಅತ್ತಿತ್ತ ವಾಲಿಸುವುದು ಬ್ಯಾಲೆನ್ಸ್ ಚಕ್ರ. ಕೂದಲಿನಷ್ಟು ತೆಳುವಾದ ಇನ್ನೊಂದು ಸುರುಳಿ ಸ್ಪ್ರಿಂಗು ಅದನ್ನು ಜೋಕಾಲಿಯಂತೆ ಅತ್ತಿತ್ತ ತೂಗುತ್ತದೆ. ಅದು ಹೇರ್ ಸ್ಪ್ರಿಂಗ್.

ಜನತಾ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ತೂಗುತ್ತದೆ. ಒಂದು ಸೆಕೆಂಡಿಗೆ ಎಷ್ಟಾಯಿತು? 18,000ವನ್ನು 3,600ರಿಂದ ಭಾಗಿಸಿರಿ. ಐದು. ಒಂದು ದಿನಕ್ಕೆ 4,32,000. ಒಂದು ವರ್ಷಕ್ಕೆ 15 ಕೋಟಿ 76 ಲಕ್ಷ 80 ಸಾವಿರ ಸಲ. ಇಷ್ಟು ಸಲ ತಿರುಗುವ ಅಚ್ಚಿನ ತುದಿ ಸೂಜಿಯ ಮೊನೆಗಿಂತಲೂ ಸಣ್ಣದು. ಅದು ಲೋಹದ ತೂತಿನಲ್ಲಿ ತಿರುಗಿದರೆ ಬೇಗ ಸವೆದುಹೋಗುತ್ತದೆ. ಅದಕ್ಕಾಗಿ ಮಾಣಿಕ್ಯದ ಕಲ್ಲಿನಲ್ಲಿ ತೂತು ಕೊರೆದು ಅದರಲ್ಲಿ ಕೂಡಿಸುತ್ತಾರೆ. ವಾಚಿನ ಮೇಲೆ '17 ಜ್ಯೂವೆಲ್ಸ್' ಎಂದು ಬರೆದಿರುವುದು ಇದಕ್ಕೇ. ಒಳಗೆ ಹದಿನೇಳು ಮಾಣಿಕ್ಯಗಳಿವೆ ಎಂದು ಅರ್ಥ. ಇವು ಗಣಿಯಿಂದ ತೆಗೆದ ಮಾಣಿಕ್ಯಗಳಲ್ಲ, ಕಾರ್ಖಾನೆಯಲ್ಲಿ ಮಾಡಿದವು. ಮಾರಿದರೆ ಏನೂ ಸಿಗುವುದಿಲ್ಲ. ನಮ್ಮ ಓಣಿಯ ಒಬ್ಬ ಅಜ್ಜಿ ತನ್ನ ಗಂಡನ ವಾಚಿನಲ್ಲಿ ಹದಿನೇಳು ಮಾಣಿಕ್ಯ ಇವೆ ಎಂದು ಅದನ್ನು ಬೆಳ್ಳಿಯ ಜೊತೆಗೆ ಇಟ್ಟಿದ್ದಳು!

ಈಗ ಕಾಕಾ ಅವರ ಪೆಟ್ಟಿಗೆಯ ಬಳಿಗೆ ಬನ್ನಿರಿ.

ಅವರು ಮೊದಲು ವಾಚಿನ ಮುಂಭಾಗ, ಹಿಂಭಾಗಗಳ ಫೋಟೊ ತೆಗೆದುಕೊಂಡರು. ಮೊಬೈಲು ಬರುವ ಮೊದಲು ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಿದ್ದರಂತೆ. ಅದರ ನಂತರ ಹಿಂದಿನ ಮುಚ್ಚಳ ತೆಗೆದರು. ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದು, "ಬರ್ರಿ ಸರ, ಇಲ್ಲಿ ನೋಡ್ರಿ" ಎಂದರು. ಭೂತಗನ್ನಡಿಯಲ್ಲಿ ನೋಡಿದೆ. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಸಣ್ಣ ಅಂಕಿಗಳಿದ್ದವು: 3-79, 11-82, 6-91.

"ಇದೇನ್ರಿ?"

"ರಿಪೇರಿ ಮಾಡಿದವರು ಗುರ್ತು ಹಾಕತಾರ. ಯಾವ ತಿಂಗಳು, ಯಾವ ವರ್ಷ ಅಂತ. ಮೂರು ಸಲ ಬಿಚ್ಚ್ಯಾರ ಇದನ್ನ."

ಡಾಕ್ಟರು ರೋಗಿಯ ಚೀಟಿಯಲ್ಲಿ ಬರೆದಿಡುವಂತೆ, ವಾಚು ರಿಪೇರಿ ಮಾಡುವವರು ಮುಚ್ಚಳದ ಒಳಗೆ ಬರೆದಿಡುತ್ತಾರೆ. ಮುಂದೆ ಬಿಚ್ಚುವವನಿಗೆ ಅದು ಉಪಯೋಗಕ್ಕೆ ಬರುತ್ತದೆ. ವಾಚು ಕಟ್ಟಿಕೊಂಡವರಿಗೆ ಅದು ಎಂದೂ ಕಾಣುವುದಿಲ್ಲ.

ಅನಂತರ ಅವರು ಮೇನ್ ಸ್ಪ್ರಿಂಗಿನಲ್ಲಿ ಬಲ ಉಳಿದಿದೆಯೇ ಎಂದು ನೋಡಿದರು. ಬಲ ಇದ್ದಾಗಲೇ ಚಕ್ರಗಳನ್ನು ಬಿಚ್ಚಿದರೆ ಅವು ಒಮ್ಮೆಲೇ ಗಿರ್ರನೆ ತಿರುಗಿ ಹಲ್ಲು ಮುರಿಯಬಹುದು. ಅದಕ್ಕೆ ಮೊದಲು ಸ್ಪ್ರಿಂಗನ್ನು ನಿಧಾನವಾಗಿ ಸಡಿಲ ಬಿಡಬೇಕು. ನಮ್ಮ ವಾಚಿನಲ್ಲಿ ಆ ಕೆಲಸವೇ ಇರಲಿಲ್ಲ. ಸ್ಪ್ರಿಂಗು ತುಂಡಾಗಿತ್ತು.

ಡಯಲಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡು ಪುಟ್ಟ ಸನ್ನೆಗಳಿಂದ ಮುಳ್ಳುಗಳನ್ನು ಮೇಲೆತ್ತಿದರು. ಹಾಳೆ ಇಡದಿದ್ದರೆ ಸನ್ನೆಯ ತುದಿ ಡಯಲಿಗೆ ತಾಗಿ ಗೀರು ಬೀಳುತ್ತದೆ. ಆ ಗೀರು ಹೋಗುವುದಿಲ್ಲ. ಮುಳ್ಳುಗಳು ಸಣ್ಣ ಗಾಜಿನ ಬಟ್ಟಲಿಗೆ ಹೋದವು. ಡಯಲು ಇನ್ನೊಂದು ಬಟ್ಟಲಿಗೆ. ಹೀಗೆ ಒಂದೊಂದು ಭಾಗ ಬಿಚ್ಚಿದಂತೆ ಒಂದೊಂದು ಬಟ್ಟಲು ತುಂಬಿತು. ಬ್ಯಾಲೆನ್ಸ್ ಚಕ್ರವನ್ನು ತೆಗೆಯುವಾಗ ಕಾಕಾ ಉಸಿರು ಬಿಗಿಹಿಡಿದಿದ್ದರು. ನಾನೂ ಬಿಗಿಹಿಡಿದೆ. ಹೇರ್ ಸ್ಪ್ರಿಂಗ್ ಚಿಮಟದ ತುದಿಯಲ್ಲಿ ನಡುಗುತ್ತಿತ್ತು. ಅದು ಒಮ್ಮೆ ಸೊಟ್ಟಗಾದರೆ ಸರಿಮಾಡುವುದು ಬಹಳ ಕಷ್ಟ.

ಚಕ್ರಗಳ ಮೇಲೆ ಬ್ರಿಜ್ ಎಂಬ ತಗಡು ಇರುತ್ತದೆ. ಅದನ್ನು ಸ್ಕ್ರೂಗಳು ಹಿಡಿದಿರುತ್ತವೆ. ಅಲ್ಲಿಗೆ ಬಂದಾಗ ಕಾಕಾ ನಿಂತರು. "ಈ ಒಂದು ಸ್ಕ್ರೂ ಇದರದಲ್ಲ. ಬ್ಯಾರೆ ಯಾವುದೋ ವಾಚಿಂದು ತಂದು ಹಾಕ್ಯಾರ. ತಗಡಿನ ಮ್ಯಾಲೂ ಗೀರು ಅದಾವ. ಯಾರೋ ಚಾಕು ಹಾಕ್ಯಾರ್ರಿ, ಸರ" ಎಂದರು.

ಮಕ್ಕಳೇ, ಆ 'ಯಾರೋ' ಯಾರೆಂದು ನನಗೆ ಗೊತ್ತಿತ್ತು. ಆರನೆಯ ಇಯತ್ತೆಯಲ್ಲಿದ್ದಾಗ ದೀಪಾವಳಿಯ ರಜೆಯಲ್ಲಿ ಅಪ್ಪ ಮಲಗಿದ್ದರು. ಒಳಗೆ ಏನಿದೆ ನೋಡಬೇಕೆಂದು ಅವರ ವಾಚಿನ ಮುಚ್ಚಳವನ್ನು ಅಡುಗೆಮನೆಯ ಚಾಕುವಿನಿಂದ ಎಬ್ಬಿಸಿದ್ದೆ. ಅದೇ ಚಾಕುವಿನ ಮೊನೆಯಿಂದ ಒಂದು ಸ್ಕ್ರೂ ತಿರುಗಿಸಿದ್ದೆ. ಅದು ಚಿಮ್ಮಿ ಎಲ್ಲಿಯೋ ಹೋಯಿತು. ನೆಲವನ್ನೆಲ್ಲ ಕೈಯಿಂದ ಸವರಿದೆ, ಸಿಗಲಿಲ್ಲ. ಹೆದರಿಕೆಯಿಂದ ಮುಚ್ಚಳ ಒತ್ತಿ ಕೂಡಿಸಿ ಗೂಟಕ್ಕೆ ತೂಗುಹಾಕಿದೆ. ಯಾರಿಗೂ ಹೇಳಲಿಲ್ಲ. ಅಪ್ಪನೂ ಏನೂ ಕೇಳಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ.

ಮುಚ್ಚಳದಲ್ಲಿ 11-82 ಎಂದಿತ್ತು. 1982ರ ನವೆಂಬರ್. ಅದೇ ದೀಪಾವಳಿಯ ತಿಂಗಳು.

ಸಂಜೆ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ನಕ್ಕರು. "ಗೊತ್ತಿತ್ತು ತಗೋ. ರಜಾ ಮುಗಿಯೂದರಾಗ ವಾಚ್ ನಿಂತಿತ್ತು. ರಿಪೇರಿಯವನು ಯಾರೋ ಬಿಚ್ಚ್ಯಾರ ಅಂದಿದ್ದ. 'ಹುಡುಗ ನೋಡ್ಲಿ ಬಿಡು, ಬಯ್ಯಬ್ಯಾಡ' ಅಂದ್ರು ನಿಮ್ಮಪ್ಪ" ಎಂದರು.

ಮೊದಲ ಅಂಗಡಿಯಲ್ಲಿ ಹೂಂ ಎಂದಿದ್ದರೆ ಕವಚ, ಮುಚ್ಚಳ ಎರಡಕ್ಕೂ ಪಾಲಿಶ್ ಆಗುತ್ತಿತ್ತು. ಚಾಕುವಿನ ಗೀರು ಹೋಗುತ್ತಿತ್ತು. ಆ ಅಂಕಿಗಳೂ ಉಳಿಯುತ್ತಿದ್ದವೋ ಇಲ್ಲವೋ.

ಮರುದಿನ ತೊಳೆಯುವ ಕೆಲಸ. ವಾಚು ನಿಲ್ಲಲು ಹೆಚ್ಚಾಗಿ ಕಾರಣ ಒಣಗಿದ ಎಣ್ಣೆ. ಶೇಂಗಾ ಎಣ್ಣೆಯ ಡಬ್ಬಿಯ ಬಾಯಿಗೆ ಎಣ್ಣೆ ಅಂಟಿ ಜಿಗುಟಾಗಿರುವುದನ್ನು ನೋಡಿದ್ದೀರಲ್ಲ? ವಾಚಿನ ಎಣ್ಣೆಯೂ ವರ್ಷಗಳು ಕಳೆದಂತೆ ಹಾಗೆಯೇ ಆಗುತ್ತದೆ. ಧೂಳು ಅದಕ್ಕೆ ಅಂಟುತ್ತದೆ. ಆಗ ಎಣ್ಣೆಯೇ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಕಾಕಾ ಚಕ್ರಗಳನ್ನು ಪೆಟ್ರೋಲಿನಂಥ ದ್ರವದಲ್ಲಿ ಮುಳುಗಿಸಿ ಮೃದುವಾದ ಕುಂಚದಿಂದ ತೊಳೆದರು. ಮಾಣಿಕ್ಯದ ತೂತುಗಳನ್ನು ಚೂಪು ಮಾಡಿದ ಕಟ್ಟಿಗೆಯ ಕಡ್ಡಿಯಿಂದ ತಿರುವಿ ಸ್ವಚ್ಛ ಮಾಡಿದರು. ಕಡ್ಡಿಯ ತುದಿ ಕಪ್ಪಾದರೆ ಮತ್ತೆ ಚೂಪು ಮಾಡಿ ಮತ್ತೆ ತಿರುವಬೇಕು. ಅದು ಬಿಳಿಯಾಗಿಯೇ ಹೊರಬರುವವರೆಗೆ ಬಿಡಲಿಲ್ಲ. ಈಗ ದೊಡ್ಡ ಅಂಗಡಿಗಳಲ್ಲಿ ಕಿವಿಗೆ ಕೇಳದ ಶಬ್ದದ ಅಲೆಗಳಿಂದ ತೊಳೆಯುವ ಯಂತ್ರಗಳಿವೆ. ಕಾಕಾ ಅವರಲ್ಲಿ ಅದು ಇರಲಿಲ್ಲ, ಕಡ್ಡಿಯೇ ಸಾಕಾಯಿತು.

ಡಯಲನ್ನು ಮಾತ್ರ ಅವರು ತೊಳೆಯಲಿಲ್ಲ. ರಬ್ಬರಿನ ಊದುಗೊಳವೆಯಿಂದ ಧೂಳನ್ನು ಊದಿದರು, ಅಷ್ಟೇ. "ಆ ಕಲೆ ಹೋಗೂದಿಲ್ಲೇನ್ರಿ?" ಎಂದು ಕೇಳಿದೆ. "ಹೋಗ್ತದ್ರಿ. ಅದರ ಜೋಡಿ 'ಜನತಾ' ಅನ್ನೂದೂ ಹೋಗ್ತದ" ಎಂದರು. ಡಯಲಿನ ಅಕ್ಷರಗಳು ಬಹಳ ತೆಳುವಾದ ಬಣ್ಣದಲ್ಲಿ ಅಚ್ಚಾಗಿರುತ್ತವೆ. ನೀರು ತಾಗಿದರೂ ಸಾಕು, ಹಳೆಯ ಡಯಲಿನ ಬಣ್ಣ ಎದ್ದುಬರಬಹುದು. ಸವೆದ ಡಯಲಿಗೆ ಹೊಸ ಬಣ್ಣ ಹಚ್ಚಿದರೆ ಕಾರ್ಖಾನೆಯಲ್ಲಿ ಬರೆದ ಅಕ್ಷರ ಶಾಶ್ವತವಾಗಿ ಹೋಯಿತೆಂದೇ ತಿಳಿಯಿರಿ.

ಹಾಗಾದರೆ ಹಳೆಯ ವಾಚಿನಲ್ಲಿ ಏನನ್ನೂ ಬದಲಿಸಲೇಬಾರದೇ? ಹಾಗಲ್ಲ. ತುಂಡಾದ ಮೇನ್ ಸ್ಪ್ರಿಂಗನ್ನು ಇಟ್ಟುಕೊಂಡು ಏನು ಮಾಡುವುದು? ಅದು ಸವೆಯಲೆಂದೇ ಇರುವ ವಸ್ತು, ಬಂಡಿಯ ಕೀಲಿನಂತೆ. ಕಾಕಾ ತಮ್ಮಲ್ಲಿದ್ದ ಹಳೆಯ ದಾಸ್ತಾನಿನಿಂದ ಅದೇ ಅಳತೆಯ ಸ್ಪ್ರಿಂಗು ಹಾಕಿದರು. ನಾನು ಕಳೆದ ಸ್ಕ್ರೂವಿನ ಜಾಗಕ್ಕೆ, ಪೂರ್ತಿ ಕೆಟ್ಟುಹೋದ ಇನ್ನೊಂದು ಜನತಾ ವಾಚಿನಿಂದ ಸ್ಕ್ರೂ ತೆಗೆದು ಹಾಕಿದರು. ಇದು ಅಪ್ಪನ ವಾಚಿನದಲ್ಲ, ನಿಜ. ಆದರೆ ಅದೇ ಕಾರ್ಖಾನೆಯದು, ಅದೇ ಅಳತೆಯದು.

ಗಾಜಿನ ಬಗ್ಗೆ ಸ್ವಲ್ಪ ಚರ್ಚೆ ನಡೆಯಿತು. ಇಂಥ ವಾಚುಗಳ ಗಾಜು ನಿಜವಾಗಿ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಮೇಲಿನ ಸಣ್ಣ ಗೀರುಗಳನ್ನು ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕಿ ತೆಗೆಯಬಹುದು. ಆದರೆ ನಮ್ಮದರ ಅಂಚಿನಲ್ಲಿ ಬಿರುಕು ಇತ್ತು. ಅಪ್ಪನ ಕಾಲದ ಗಾಜು ಇರಲಿ ಎಂದೆ ನಾನು. ಕಾಕಾ ಒಪ್ಪಲಿಲ್ಲ. ಆ ಬಿರುಕಿನಿಂದ ತೇವ ಒಳಗೆ ಹೋಗುತ್ತದೆ, ನಾಲ್ಕರ ಬಳಿಯ ಕಲೆ ಹಾಗೆಯೇ ಆದದ್ದು, ಇನ್ನು ಎರಡು ಮಳೆಗಾಲ ಕಳೆದರೆ ಡಯಲೇ ಉಳಿಯುವುದಿಲ್ಲ ಎಂದರು. ಅವರ ಮಾತು ಸರಿ. ಗಾಜನ್ನು ಉಳಿಸಲು ಹೋಗಿ ಡಯಲನ್ನು ಕಳೆದುಕೊಳ್ಳಬಾರದು. ಹೊಸ ಗಾಜು ಹಾಕಿದೆವು.

ಚಾವಿಯ ಗುಂಡಿಯ ಅಂಚಿನಲ್ಲಿ ಸಣ್ಣ ಗೆರೆಗಳಿರುತ್ತವೆ, ಬೆರಳು ಜಾರದಿರಲೆಂದು. ನಮ್ಮ ವಾಚಿನಲ್ಲಿ ಅವು ಸವೆದು ನುಣುಪಾಗಿದ್ದವು. ದಿನಕ್ಕೊಮ್ಮೆ ಎಂದರೂ ಮೂವತ್ತೈದು ವರ್ಷ ಅಪ್ಪ ಅದನ್ನು ತಿರುಗಿಸಿದ್ದಾರೆ. ಲೆಕ್ಕ ಹಾಕಿರಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಮುಂಜಾನೆಗಳಾದವು. ಕಾಕಾ ಅದನ್ನು ತಿರುಗಿಸಿ ನೋಡಿ, "ಇನ್ನೂ ಹಿಡೀತದ" ಎಂದರು. ಅದನ್ನು ಬದಲಿಸಲಿಲ್ಲ.

ತೆಗೆದ ಭಾಗಗಳನ್ನು ಅವರು ಎಸೆಯಲಿಲ್ಲ. ತುಂಡಾದ ಸ್ಪ್ರಿಂಗು, ಬಿರುಕು ಬಿಟ್ಟ ಗಾಜು, ಬೇರೆ ವಾಚಿನ ಸ್ಕ್ರೂ ಮೂರನ್ನೂ ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ತಾರೀಖು ಬರೆದು ಕೊಟ್ಟರು. ಈ ಪೊಟ್ಟಣ ನೋಡಿದವರಿಗೆ ಏನು ಬದಲಾಗಿದೆ ಎಂದು ತಿಳಿಯುತ್ತದೆ. ಒಳ್ಳೆಯ ರಿಪೇರಿಗಾರನನ್ನು ಈ ಒಂದು ಪೊಟ್ಟಣದಿಂದಲೇ ಗುರುತಿಸಬಹುದು ಎನ್ನುತ್ತೇನೆ ನಾನು.

ಜೋಡಿಸುವ ಕೆಲಸ ಬಿಚ್ಚಿದ್ದರ ತಿರುವು ಮುರುವು. ಕೊನೆಗೆ ಬಿಚ್ಚಿದ್ದು ಮೊದಲು ಕೂಡುತ್ತದೆ. ಎಣ್ಣೆ ಬಿಡುವುದು ಮಾತ್ರ ನೋಡುವಂಥದು. ತಂತಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಮಾಣಿಕ್ಯಕ್ಕೆ ತಾಗಿಸುತ್ತಾರೆ. ಸಾಸಿವೆಯ ಕಾಳನ್ನು ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಹನಿ ಅಷ್ಟಿರುತ್ತದೆ. ಹೆಚ್ಚು ಬಿಟ್ಟರೆ ಎಣ್ಣೆ ಹರಿದು ಹೇರ್ ಸ್ಪ್ರಿಂಗಿಗೆ ತಾಗುತ್ತದೆ. ಆಗ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ವಾಚು ಹುಚ್ಚುಹಿಡಿದಂತೆ ಮುಂದೆ ಓಡುತ್ತದೆ.

ಬ್ಯಾಲೆನ್ಸ್ ಚಕ್ರ ಕೂಡಿಸಿ, ಚಾವಿಯನ್ನು ಎರಡು ಸುತ್ತು ಕೊಟ್ಟೊಡನೆ ಅದು ತಾನಾಗಿಯೇ ತೂಗತೊಡಗಿತು. ಯಾರೂ ಮುಟ್ಟಲಿಲ್ಲ. ಮಲಗಿದ್ದ ಮಗು ಕಣ್ಣು ಬಿಟ್ಟಂತೆ ನನಗೆ ಕಂಡಿತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮೊದಲ ದಿನ ವಾಚು ನಾಲ್ಕು ನಿಮಿಷ ಹಿಂದೆ ಬಿದ್ದಿತು. ಬ್ಯಾಲೆನ್ಸ್ ಚಕ್ರದ ಮೇಲೆ ಒಂದು ಪುಟ್ಟ ಕಡ್ಡಿ ಇರುತ್ತದೆ. ಅದನ್ನು ಒಂದು ಕಡೆ ಸರಿಸಿದರೆ ಹೇರ್ ಸ್ಪ್ರಿಂಗಿನ ತೂಗುವ ಉದ್ದ ಕಡಿಮೆಯಾಗಿ ವಾಚು ಚುರುಕಾಗುತ್ತದೆ, ಇನ್ನೊಂದು ಕಡೆ ಸರಿಸಿದರೆ ನಿಧಾನವಾಗುತ್ತದೆ. ಮೂರು ದಿನ ಹೀಗೆ ಚೂರು ಚೂರು ಸರಿಸಿದರು. ಕೊನೆಗೆ ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುವಲ್ಲಿಗೆ ಬಿಟ್ಟರು. ಒಂದು ದಿನಕ್ಕೆ 86,400 ಸೆಕೆಂಡುಗಳು. ಅದರಲ್ಲಿ 30 ಸೆಕೆಂಡಿನ ತಪ್ಪು. ಅಂದರೆ 48 ನಿಮಿಷಕ್ಕೆ ಒಂದು ಸೆಕೆಂಡು. ನಿಮ್ಮ ಮೊಬೈಲು ಇದಕ್ಕಿಂತ ಬಹಳ ನಿಖರ, ಒಪ್ಪುತ್ತೇನೆ. ಆದರೆ ಬರಿಯ ಒಂದು ಸುರುಳಿ ಸ್ಪ್ರಿಂಗಿನಿಂದ, ಸೆಲ್ಲಿಲ್ಲದೆ, ಎರಡು ಬೆರಳಿನ ಬಲದಿಂದ ಇಷ್ಟು ಮಾಡುವುದು ಸಣ್ಣ ಮಾತಲ್ಲ.

ನಿಮಗೆ ಒಂದು ಮಾತು ಹೇಳಬೇಕು. ಇದನ್ನು ಓದಿ ನೀವು ಮನೆಯ ಹಳೆಯ ವಾಚನ್ನು ಬಿಚ್ಚಲು ಹೋಗಬೇಡಿರಿ. ಚಾಕುವನ್ನಂತೂ ಮುಟ್ಟಲೇಬೇಡಿರಿ, ನನ್ನ ಕಥೆ ಕೇಳಿದಿರಲ್ಲ! ಇನ್ನೊಂದು ಕಾರಣವೂ ಇದೆ. ಬಹಳ ಹಳೆಯ ಕೆಲವು ವಿದೇಶೀ ಗಡಿಯಾರಗಳ ಮುಳ್ಳು ಮತ್ತು ಅಂಕಿಗಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಹಚ್ಚುತ್ತಿದ್ದರು. ರೇಡಿಯಂ ದೇಹಕ್ಕೆ ಅಪಾಯಕಾರಿ. ಬಣ್ಣದ ಹೊಳಪು ಕೆಲವು ವರ್ಷಗಳಲ್ಲಿ ಹೋಗುತ್ತದೆ, ರೇಡಿಯಂ ಮಾತ್ರ ಹೋಗುವುದಿಲ್ಲ. ಅದು ಅರ್ಧದಷ್ಟು ಕಡಿಮೆಯಾಗಲು 1,600 ವರ್ಷ ಬೇಕು. ಗಾಜು ಮುಚ್ಚಿರುವವರೆಗೆ ಹೆಚ್ಚಿನ ಭಯವಿಲ್ಲ. ಬಿಚ್ಚಿದರೆ ಆ ಬಣ್ಣದ ಪುಡಿ ಕೈಗೆ, ಬಾಯಿಗೆ, ಉಸಿರಿಗೆ ಸೇರಬಹುದು. ಅಂಥ ಗಡಿಯಾರ ಸಿಕ್ಕರೆ ಬಲ್ಲವರ ಕೈಗೆ ಕೊಡಿರಿ.

ನೀವು ಮಾಡಬಹುದಾದದ್ದು ಬೇರೆ ಇದೆ. ಮನೆಯಲ್ಲಿ ಹಳೆಯ ವಾಚಿದ್ದರೆ ಅದು ಯಾರದು, ಯಾವಾಗ ಕೊಂಡರು, ಯಾರು ಕೊಟ್ಟರು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೆ ಇಡಿರಿ. ತೇವ ತಾಗದ ಜಾಗದಲ್ಲಿ ಇಡಿಸಿರಿ. ರಿಪೇರಿಗೆ ಒಯ್ಯುವಾಗ ನೀವೂ ಜೊತೆಗೆ ಹೋಗಿ, ತೆಗೆದ ಭಾಗಗಳನ್ನು ವಾಪಸು ಕೊಡಿರಿ ಎಂದು ಕೇಳಿರಿ. ರಿಪೇರಿಗಾರರಿಗೆ ಬಿಡುವಿದ್ದರೆ ಭೂತಗನ್ನಡಿಯಲ್ಲಿ ಒಳಗೆ ನೋಡಲು ಬಿಡುತ್ತಾರೆ. ಬ್ಯಾಲೆನ್ಸ್ ಚಕ್ರ ತೂಗುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಕಾಕಾ ಮುಚ್ಚಳ ಮುಚ್ಚುವ ಮೊದಲು ಸೂಜಿ ತೆಗೆದುಕೊಂಡು, ಮೂರು ಅಂಕಿಗಳ ಕೆಳಗೆ ತಮ್ಮದೊಂದನ್ನು ಗೀಚಿದರು. ಸಣ್ಣದಾಗಿ ಗೀಚಿ ಕೆಳಗೆ ಇನ್ನೂ ಜಾಗ ಬಿಟ್ಟರು.

ವಾಚನ್ನು ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಅವ್ವನ ಕಣ್ಣು ಈಗ ಮಂದ. ಅವರು ಡಯಲು ನೋಡಲಿಲ್ಲ, ಕಿವಿಗೆ ಹಿಡಿದುಕೊಂಡರು. ಬಹಳ ಹೊತ್ತು ಕೇಳಿ, "ಅದೇ ಅದ" ಎಂದರು. ಈಗ ದಿನಾ ಬೆಳಿಗ್ಗೆ ಚಾವಿ ಕೊಡುವುದು ಅವರದೇ ಕೆಲಸ. ಗಿರಣಿ ಎಂದೋ ಮುಚ್ಚಿತು, ಭೋಂಗಾ ಕೂಗುವುದಿಲ್ಲ. ಹೊತ್ತು ಕೂಡಿಸಲು ಮೊಮ್ಮಗಳ ಮೊಬೈಲು ನೋಡುತ್ತಾರೆ.